ಐವಿಎಫ್ ಮಾಡಿಸಬೇಕು ಅಂತಿದ್ದೀರಾ? ಮೊದಲ ಪರೀಕ್ಷೆಯಿಂದ ರಿಸಲ್ಟ್‌ವರೆಗೆ ಏನೇನಾಗುತ್ತದೆ

ಮಂಡ್ಯ, ಮದ್ದೂರು, ಕೆ.ಆರ್. ಪೇಟೆ, ನಂಜನಗೂಡು, ಹುಣಸೂರು, ಯಾವ ಊರಿನವರು ಕೇಳಿದರೂ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಮದುವೆಯಾಗಿ ನಾಲ್ಕೈದು ವರ್ಷ ಆಯಿತು, ಮಕ್ಕಳಾಗಿಲ್ಲ. ಮೈಸೂರಿನಲ್ಲಿ ತೋರಿಸಿದ್ವಿ, ಐವಿಎಫ್ ಮಾಡಿಸಿ ಅಂದರು. ಅದರಲ್ಲಿ ಏನು ಮಾಡ್ತಾರೆ? ನೋವಾಗುತ್ತಾ? ಗ್ಯಾರಂಟಿ ಇದೆಯಾ?" ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಇದನ್ನು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕೂತು ಓದಿ. ಹೆಂಡತಿ ಒಬ್ಬಳೇ ಓದಿ, ಆಮೇಲೆ ಗಂಡನಿಗೆ ಪಾಠ ಒಪ್ಪಿಸುವ ಹಾಗಾಗಬಾರದು.

ಗ್ಯಾರಂಟಿ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ಇಲ್ಲ. ಚಿಕ್ಕ ವಯಸ್ಸು, ಒಳ್ಳೆಯ ರಿಪೋರ್ಟ್, ಒಳ್ಳೆಯ ಡಾಕ್ಟರು ಎಲ್ಲ ಇದ್ದರೂ ಒಂದು ಸೈಕಲ್ (ಇಂಜೆಕ್ಷನ್‌ನಿಂದ ರಿಸಲ್ಟ್‌ವರೆಗಿನ ಒಂದು ಸುತ್ತು) ಫೇಲ್ ಆಗಬಹುದು. ಹಾಗಂತ ಇದು ಸುಮ್ನೆ ದುಡ್ಡು ಕೀಳುವ ದಂಧೆ ಅನ್ನುವುದೂ ತಪ್ಪು. ಬೇರೆ ದಾರಿಯೇ ಇಲ್ಲದ ಎಷ್ಟೋ ಮನೆಗಳಲ್ಲಿ ಮಕ್ಕಳಾಗಿರುವುದು ಇದರಿಂದಲೇ.

ಹೆಣ್ಣಿನ ಅಂಡಾಣುಗಳನ್ನು ಹೊರಗೆ ತೆಗೆದು, ಲ್ಯಾಬಿನಲ್ಲಿ ಗಂಡಿನ ವೀರ್ಯಾಣು ಜೊತೆ ಸೇರಿಸಿ, ಅಲ್ಲಿ ಬೆಳೆದ ಭ್ರೂಣವನ್ನು ಮತ್ತೆ ಗರ್ಭಕೋಶಕ್ಕೆ ಬಿಡುವುದು, ಇಷ್ಟೇ ಐವಿಎಫ್. ಹಿಂದೆ ಪ್ರನಾಳ ಶಿಶು ಅಂತ ಬರೆಯುತ್ತಿದ್ದರಲ್ಲ, ಅದೇ ಇದು. ಭ್ರೂಣ ಲ್ಯಾಬಿನಲ್ಲಿ ಬೆಳೆಯುವುದು ಮೂರರಿಂದ ಆರು ದಿನ ಮಾತ್ರ, ಉಳಿದದ್ದೆಲ್ಲ ತಾಯಿಯ ಹೊಟ್ಟೆಯಲ್ಲೇ. ಜಗತ್ತಿನ ಮೊದಲ ಐವಿಎಫ್ ಮಗು ಲೂಯಿಸ್ ಬ್ರೌನ್ 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಹುಟ್ಟಿದಳು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖರ್ಜಿ ಅವರ ಪ್ರಯತ್ನದಿಂದ ನಮ್ಮ ದೇಶದ ಮೊದಲ ಮಗು ಹುಟ್ಟಿತು. "ಇಂಥ ಮಕ್ಕಳು ಸರಿಯಾಗಿ ಇರ್ತಾವಾ?" ಅಂತ ಮನೆಯ ಹಿರಿಯರು ಕೇಳಿದರೆ ಹೇಳಿ, ಲೂಯಿಸ್ ಬ್ರೌನ್ ತಾನೇ ತಾಯಿಯಾಗಿದ್ದಾಳೆ, ಅದೂ ಸಹಜವಾಗಿ ಗರ್ಭ ಧರಿಸಿ.

1. ಗಂಡನ ಪರೀಕ್ಷೆ ಮೊದಲು

ಇದನ್ನು ಮೊದಲ ಹಂತವಾಗಿ ಇಟ್ಟಿದ್ದಕ್ಕೆ ಕಾರಣ ಇದೆ. ನಮ್ಮ ಕಡೆ ಮಕ್ಕಳಾಗದಿದ್ದರೆ ಹೆಂಡತಿಯನ್ನು ಮೂರು ಆಸ್ಪತ್ರೆ, ನಾಲ್ಕು ದೇವಸ್ಥಾನ ಸುತ್ತಿಸುತ್ತಾರೆ, ಹೊಟ್ಟೆಗೆ ಸ್ಕ್ಯಾನಿಂಗ್ ಮೇಲೆ ಸ್ಕ್ಯಾನಿಂಗ್ ಮಾಡಿಸುತ್ತಾರೆ, ಗಂಡ ಮಾತ್ರ ಆಸ್ಪತ್ರೆ ಹೊರಗೆ ಬೈಕ್ ಮೇಲೆ ಕೂತಿರುತ್ತಾನೆ. ಮಕ್ಕಳಾಗದಿರುವುದರಲ್ಲಿ ಗಂಡಸರ ಕಡೆಯ ಕಾರಣವೂ ಹೆಚ್ಚುಕಮ್ಮಿ ಹೆಂಗಸರ ಕಡೆಯಷ್ಟೇ ಇರುತ್ತದೆ. ವೀರ್ಯ ಪರೀಕ್ಷೆಗೆ ಖರ್ಚು ಕಡಿಮೆ, ಸೂಜಿ ಚುಚ್ಚುವುದಿಲ್ಲ, ಒಂದೇ ದಿನದಲ್ಲಿ ಮುಗಿಯುತ್ತದೆ. ಆದ್ದರಿಂದ ಹೆಂಡತಿಗೆ ದೊಡ್ಡ ಪರೀಕ್ಷೆ ಮಾಡಿಸುವ ಮೊದಲು ಇದಾಗಲಿ.

ಕೊಡುವ ಮುಂಚೆ ಎರಡರಿಂದ ಏಳು ದಿನ ವೀರ್ಯ ಹೊರಹೋಗಿರಬಾರದು. ಸ್ಯಾಂಪಲ್ ಒಂದು ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು. ಮಳವಳ್ಳಿಯಲ್ಲಿ ಮನೆಯಲ್ಲೇ ತೆಗೆದು ಬಸ್ಸಿನಲ್ಲಿ ಮೈಸೂರಿಗೆ ತಂದರೆ ರಿಪೋರ್ಟ್ ಕೆಟ್ಟದಾಗಿಯೇ ಬರುತ್ತದೆ, ಹಾಗಾಗಿ ಲ್ಯಾಬಿಗೇ ಹೋಗಿ ಕೊಡಿ. ರಿಪೋರ್ಟಿನಲ್ಲಿ ಮೂರು ವಿಷಯ ನೋಡುತ್ತಾರೆ. ಕೌಂಟ್ ಅಂದರೆ ಎಷ್ಟಿವೆ, ಮೊಟಿಲಿಟಿ ಅಂದರೆ ಎಷ್ಟು ಓಡಾಡುತ್ತಿವೆ, ಮಾರ್ಫಾಲಜಿ ಅಂದರೆ ಆಕಾರ ಹೇಗಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಗಿನ ಮಿತಿ ಹೀಗಿದೆ: ಒಂದು ಎಂಎಲ್‌ಗೆ 1.6 ಕೋಟಿ ಕೌಂಟ್, ಶೇ 42 ಚಲನೆ, ಸರಿಯಾದ ಆಕಾರ ಶೇ 4. ಹೌದು, ನಾಲ್ಕೇ. "ನೂರರಲ್ಲಿ 96 ಸರಿಯಿಲ್ಲ ಅಂತ ಬಂದಿದೆ" ಅಂತ ಹೆದರಿಕೊಂಡು ಬರೆಯುವವರು ಬಹಳ ಜನ, ಹೆದರಬೇಡಿ. ಒಂದು ರಿಪೋರ್ಟ್ ಕೆಟ್ಟದಾಗಿ ಬಂದರೆ ಅಷ್ಟಕ್ಕೇ ತೀರ್ಮಾನಕ್ಕೆ ಬರದೆ ಸ್ವಲ್ಪ ದಿನ ಬಿಟ್ಟು ಇನ್ನೊಮ್ಮೆ ಮಾಡಿಸಿ.

ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಬೀಡಿ, ಸಿಗರೇಟು, ಗುಟ್ಕಾ, ಕುಡಿತ ಇವತ್ತು ಬಿಟ್ಟರೆ ಅದರ ಫಲ ಕಾಣುವುದು ಮೂರು ತಿಂಗಳಿಗೆ. ಆಲೆಮನೆಯಲ್ಲಿ ಒಲೆ ಮುಂದೆ ಗಂಟೆಗಟ್ಟಲೆ ನಿಲ್ಲುವವರು, ಮುಖಕ್ಕೆ ಬಟ್ಟೆಯೂ ಕಟ್ಟದೆ ಔಷಧಿ ಹೊಡೆಯುವವರು ಅದನ್ನು ಡಾಕ್ಟರಿಗೆ ತಪ್ಪದೆ ಹೇಳಬೇಕು. ಬಿಸಿಯೂ ಕೆಲವು ಕೀಟನಾಶಕಗಳೂ ವೀರ್ಯಾಣುವಿಗೆ ಆಗುವುದಿಲ್ಲ. ಜಿಮ್‌ನಲ್ಲಿ ಮೈ ಬರಲಿ ಅಂತ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಳ್ಳುವ ಹುಡುಗರು ಇದನ್ನು ಗಮನಿಸಿ ಓದಿ. ಅದರಿಂದ ಕೌಂಟ್ ಸೊನ್ನೆಗೂ ಇಳಿಯಬಹುದು.

2. ಹೆಂಡತಿಯ ಪರೀಕ್ಷೆಗಳು, ಮತ್ತು ಐವಿಎಫ್ ನಿಜವಾಗಿ ಬೇಕಾ ಅನ್ನುವ ಪ್ರಶ್ನೆ

ಒಂದು ವರ್ಷ ಒಟ್ಟಿಗಿದ್ದು, ತಡೆಯುವ ಸಾಧನ ಏನೂ ಬಳಸದೆ ಗರ್ಭ ನಿಲ್ಲದಿದ್ದರೆ ತೋರಿಸಬೇಕು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಿ. ಮದುವೆಯಾಗಿ ಮೂರು ತಿಂಗಳಿಗೆ "ಏನೂ ವಿಶೇಷ ಇಲ್ವಾ?" ಅಂತ ಕೇಳುವ ನೆಂಟರ ಕ್ಯಾಲೆಂಡರ್ ಹಿಡಿದುಕೊಂಡು ಓಡಬೇಡಿ. ಹಾಗೆಯೇ ಮೂವತ್ತೇಳು ಮೂವತ್ತೆಂಟರಲ್ಲಿ "ಇನ್ನೂ ಒಂದು ವರ್ಷ ನೋಡೋಣ" ಅಂತ ಕೂರಲೂ ಬೇಡಿ.

ರಕ್ತದಲ್ಲಿ ಎಎಂಎಚ್ ನೋಡುತ್ತಾರೆ, ಅಂಡಾಶಯದಲ್ಲಿ ಇನ್ನೂ ಎಷ್ಟು ಅಂಡಾಣು ಉಳಿದಿರಬಹುದು ಅನ್ನುವ ಅಂದಾಜು ಇದರಿಂದ ಸಿಗುತ್ತದೆ. ಅಂಡಾಣುವಿನ ಗುಣಮಟ್ಟ ಇದರಲ್ಲಿ ಗೊತ್ತಾಗಲ್ಲ, ಅದನ್ನು ಮುಖ್ಯವಾಗಿ ನಿರ್ಧರಿಸುವುದು ವಯಸ್ಸು. ಹಾಗಾಗಿ ಎಎಂಎಚ್ ಕಡಿಮೆ ಬಂದ ಮಾತ್ರಕ್ಕೆ ತಾಯಿಯಾಗಲು ಆಗುವುದೇ ಇಲ್ಲ ಅಂತ ಅರ್ಥ ಮಾಡಿಕೊಳ್ಳಬೇಡಿ. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಸಕ್ಕರೆ, ಹಿಮೋಗ್ಲೋಬಿನ್ ಕೂಡ ನೋಡುತ್ತಾರೆ. ಮುಟ್ಟಿನ ಎರಡು ಮೂರನೇ ದಿನ ಒಳಗಿನಿಂದ ಸ್ಕ್ಯಾನ್ ಮಾಡಿ ಅಂಡಾಶಯದ ಸಣ್ಣ ಕೋಶಗಳನ್ನು (ಅಂಡಾಣು ಬೆಳೆಯುವ ಚೀಲಗಳು) ಎಣಿಸುತ್ತಾರೆ. ಎಚ್‌ಎಸ್‌ಜಿ ಅನ್ನುವುದು ಟ್ಯೂಬ್ ಪರೀಕ್ಷೆ. ಗರ್ಭಕೋಶಕ್ಕೆ ಒಂದು ದ್ರವ ಬಿಟ್ಟು ಎಕ್ಸ್‌ರೇ ತೆಗೆದು ಗರ್ಭನಾಳ ತೆರೆದಿದೆಯೇ ನೋಡುತ್ತಾರೆ. ಆ ತಿಂಗಳ ಮುಟ್ಟಿನ ರಕ್ತ ನಿಂತ ಮೇಲೆ ಮಾಡುತ್ತಾರೆ, ಸ್ವಲ್ಪ ನೋವಾಗುತ್ತದೆ. ನಮ್ಮ ದೇಶದಲ್ಲಿ ಟ್ಯೂಬ್ ಮುಚ್ಚಲು ಟಿಬಿ ಒಂದು ಮುಖ್ಯ ಕಾರಣ, ಹಿಂದೆ ನಿಮಗೋ ಮನೆಯಲ್ಲಿ ಯಾರಿಗಾದರೂ ಟಿಬಿ ಬಂದಿದ್ದರೆ ಮುಚ್ಚಿಡದೆ ಹೇಳಿ.

ಇವೆಲ್ಲ ಖಾಸಗಿಯಲ್ಲೇ ಆಗಬೇಕೆಂದಿಲ್ಲ. ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲೋ ಮಂಡ್ಯದ ಮಿಮ್ಸ್‌ನಲ್ಲೋ ಸ್ತ್ರೀರೋಗ ವಿಭಾಗಕ್ಕೆ ಮೊದಲು ತೋರಿಸಿ ಸಲಹೆ ತೆಗೆದುಕೊಳ್ಳಬಹುದು.

ರಿಪೋರ್ಟ್ ಎಲ್ಲ ಬಂದ ಮೇಲೆ ಡಾಕ್ಟರನ್ನು ಒಂದೇ ಪ್ರಶ್ನೆ ಕೇಳಿ: "ನಮಗೆ ಐವಿಎಫ್ ಯಾಕೆ?" ಎರಡೂ ಟ್ಯೂಬ್ ಮುಚ್ಚಿವೆ, ಕೌಂಟ್ ತೀರಾ ಕಡಿಮೆ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವುದು) ಜಾಸ್ತಿ ಇದೆ, ವಯಸ್ಸು ಮೀರುತ್ತಿದೆ, ಐಯುಐ ಮಾಡಿ ಆಗಿಲ್ಲ, ಇಂಥ ಸ್ಪಷ್ಟ ಉತ್ತರ ಬರಬೇಕು. ಐಯುಐ ಅಂದರೆ ವೀರ್ಯವನ್ನು ಶುದ್ಧ ಮಾಡಿ ಗರ್ಭಕೋಶದೊಳಗೆ ಬಿಡುವುದು, ಅದಕ್ಕೆ ಕನಿಷ್ಠ ಒಂದು ಟ್ಯೂಬಾದರೂ ತೆರೆದಿರಬೇಕು. ನಿಮಗೆ ಚಿಕ್ಕ ವಯಸ್ಸು, ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದಿರುವುದು) ಒಂದೇ ತೊಂದರೆ, ಗಂಡನ ರಿಪೋರ್ಟ್ ಚೆನ್ನಾಗಿದೆ ಅನ್ನುವುದಾದರೆ ಸಾಮಾನ್ಯವಾಗಿ ತೂಕ ಇಳಿಸುವುದು, ಅಂಡಾಣು ಬಿಡುಗಡೆಯಾಗುವ ಮಾತ್ರೆ ಇವುಗಳಿಂದ ಶುರು ಮಾಡುತ್ತಾರೆ. ಮೊದಲ ಭೇಟಿಯಲ್ಲೇ, ಪರೀಕ್ಷೆ ಮುಗಿಯುವ ಮೊದಲೇ ಪ್ಯಾಕೇಜ್ ಕೈಗೆ ಕೊಟ್ಟರೆ ಎದ್ದು ಬನ್ನಿ, ಇನ್ನೊಬ್ಬರನ್ನು ಕೇಳಿ.

3. ಕ್ಲಿನಿಕ್, ಕಾಗದಪತ್ರ, ದುಡ್ಡು

2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯಿದೆ 2022ರ ಜನವರಿ 25ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಐವಿಎಫ್ ಮಾಡುವ ಪ್ರತಿ ಕ್ಲಿನಿಕ್ಕೂ ನೋಂದಣಿ ಆಗಿರಬೇಕು. ಲೆವೆಲ್ 1 ಅಂದರೆ ಐಯುಐವರೆಗೆ ಮಾತ್ರ, ಐವಿಎಫ್‌ಗೆ ಲೆವೆಲ್ 2 ಬೇಕು. ಸರ್ಟಿಫಿಕೇಟ್ ಕೇಳಿ ನೋಡಿ, ಅದರಲ್ಲಿ ನಾಚಿಕೆ ಬೇಡ. ಚಿಕಿತ್ಸೆ ಪಡೆಯುವ ಹೆಣ್ಣಿಗೆ 21ರಿಂದ 50, ಗಂಡಿಗೆ 21ರಿಂದ 55 ವಯಸ್ಸು ಅಂತ ಕಾಯಿದೆ ಹೇಳುತ್ತದೆ. ಆಧಾರ್, ಮದುವೆಯ ದಾಖಲೆ, ವಯಸ್ಸಿನ ದಾಖಲೆ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ಎಷ್ಟೋ ಜನರ ಆಧಾರ್‌ನಲ್ಲೂ ಅಂಕಪಟ್ಟಿಯಲ್ಲೂ ಹುಟ್ಟಿದ ದಿನ ಬೇರೆ ಬೇರೆ ಇರುತ್ತದೆ, ಅದನ್ನು ಮೊದಲೇ ಸರಿ ಮಾಡಿಸಿ.

ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಹತ್ತಾರು ಪುಟ ಇರುತ್ತದೆ. ಕನ್ನಡದಲ್ಲಿ ಕೊಡಿ ಅನ್ನಿ, ಇಲ್ಲವಾದರೆ ಕೂರಿಸಿಕೊಂಡು ವಿವರಿಸಲು ಹೇಳಿ. ಮುಖ್ಯವಾಗಿ ನೋಡಬೇಕಾದ್ದು, ಅಂಡಾಣು ಮತ್ತು ವೀರ್ಯ ನಿಮ್ಮದೇನಾ ಅಥವಾ ದಾನಿಯದಾ ಅನ್ನುವುದು. ದಾನಿಯದು ಬಳಸುವುದಾದರೆ ನಿಮ್ಮಿಬ್ಬರ ಲಿಖಿತ ಒಪ್ಪಿಗೆ ಬೇಕೇ ಬೇಕು. ಅರ್ಜೆಂಟಿನಲ್ಲಿ, ಅಂಡಾಣು ತೆಗೆಯುವ (ಪಿಕಪ್) ದಿನ ಬೆಳಿಗ್ಗೆ, ಯಾವುದಕ್ಕೂ ಸಹಿ ಹಾಕಬೇಡಿ.

ಇನ್ನೊಂದು ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ. "ಹೇಗೂ ಲ್ಯಾಬಿನಲ್ಲೇ ಮಾಡೋದಲ್ವಾ, ಗಂಡು ಮಗು ಆಗೋ ಹಾಗೆ ಮಾಡಿಕೊಡಿ" ಅಂತ ಕೇಳಬೇಡಿ. ಲಿಂಗ ಆಯ್ಕೆ ಅಪರಾಧ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯಿದೆಯಲ್ಲೂ ನಿಷೇಧ, ಎಆರ್‌ಟಿ ಕಾಯಿದೆಯಲ್ಲೂ ನಿಷೇಧ. 2023ರಲ್ಲಿ ನಮ್ಮ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದಾಗ ಇಡೀ ಜಿಲ್ಲೆ ತಲೆ ತಗ್ಗಿಸಿತ್ತು. ಒಂದು ಮಗುವಿಗಾಗಿ ಇಷ್ಟು ಕಷ್ಟ ಪಡುವವರು ಹೆಣ್ಣು ಬೇಡ ಅನ್ನುವುದನ್ನು ಕೇಳಲು ನನ್ನಿಂದ ಆಗಲ್ಲ.

ದುಡ್ಡಿನ ವಿಷಯ. ಒಂದು ಸೈಕಲ್ ಖರ್ಚು ಲಕ್ಷ ದಾಟುತ್ತದೆ. ಪ್ಯಾಕೇಜ್ ಬೆಲೆಯಲ್ಲಿ ಏನು ಸೇರಿಲ್ಲ ಅನ್ನುವುದನ್ನು ಕೇಳಿ ಬರೆಸಿಕೊಳ್ಳಿ: ಇಂಜೆಕ್ಷನ್, ಅರಿವಳಿಕೆ, ಇಕ್ಸಿ (ವೀರ್ಯಾಣುವನ್ನು ಸೂಜಿಯಲ್ಲಿ ಅಂಡಾಣುವಿನೊಳಗೆ ಸೇರಿಸುವುದು), ಭ್ರೂಣ ಫ್ರೀಜ್ ಮಾಡುವುದು, ಅದನ್ನು ಇಡುವ ವರ್ಷದ ಬಾಡಿಗೆ, ಆಮೇಲೆ ಅದನ್ನು ಗರ್ಭಕೋಶಕ್ಕೆ ಬಿಡುವ ಟ್ರಾನ್ಸ್‌ಫರ್. ಎಲ್ಲಕ್ಕಿಂತ ಹೆಚ್ಚು ಏರುಪೇರಾಗುವುದು ಇಂಜೆಕ್ಷನ್ ಖರ್ಚು. ಸಾಮಾನ್ಯ ಆರೋಗ್ಯ ವಿಮೆಯಲ್ಲಿ ವಂಧ್ಯತ್ವದ ಚಿಕಿತ್ಸೆಯನ್ನು ಹೊರಗಿಟ್ಟಿರುತ್ತಾರೆ, ಕಂಪನಿ ಕೊಡುವ ಗ್ರೂಪ್ ಪಾಲಿಸಿ ಇದ್ದರೆ ಒಮ್ಮೆ ಓದಿ ನೋಡಿ. ಕಬ್ಬಿನ ಬಿಲ್ ಬಂದಿದೆ ಅಂತ ಅಷ್ಟನ್ನೂ ಮೊದಲ ಸೈಕಲ್‌ಗೆ ಸುರಿಯಬೇಡಿ. ಇನ್ನೊಂದು ಪ್ರಯತ್ನಕ್ಕೆ ಶಕ್ತಿ ಉಳಿಸಿಕೊಂಡೇ ಶುರು ಮಾಡಿ. ಎಷ್ಟು ಸಲ, ಎಷ್ಟು ದುಡ್ಡಿನವರೆಗೆ ಅನ್ನುವುದನ್ನು ಇಬ್ಬರೂ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು, ಫೇಲ್ ಆದ ದಿನ ಆ ಮಾತು ಆಡಲು ಆಗುವುದಿಲ್ಲ.

"ನಮ್ಮಲ್ಲಿ ಇಷ್ಟು ಪರ್ಸೆಂಟ್ ಸಕ್ಸಸ್" ಅನ್ನುವ ಬೋರ್ಡ್ ನೋಡಿದರೆ ಹೀಗೆ ಕೇಳಿ: ಅದು ಪಾಸಿಟಿವ್ ಬಂದವರ ಲೆಕ್ಕವೋ, ಮಗು ಹುಟ್ಟಿ ಮನೆಗೆ ಹೋದವರ ಲೆಕ್ಕವೋ? ನನ್ನ ವಯಸ್ಸಿನವರಲ್ಲಿ ಎಷ್ಟು?

4. ಇಂಜೆಕ್ಷನ್ ದಿನಗಳು

ಸಹಜವಾಗಿ ತಿಂಗಳಿಗೆ ಒಂದು ಅಂಡಾಣು ಬೆಳೆಯುತ್ತದೆ. ಒಟ್ಟಿಗೆ ಹಲವು ಬೆಳೆಯಲಿ ಅಂತ ಮುಟ್ಟಿನ ಎರಡು ಮೂರನೇ ದಿನದಿಂದ ಹಾರ್ಮೋನ್ ಇಂಜೆಕ್ಷನ್ ಶುರು ಮಾಡುತ್ತಾರೆ, ಸುಮಾರು ಎಂಟರಿಂದ ಹದಿನಾಲ್ಕು ದಿನ. ಹೊಟ್ಟೆಯ ಚರ್ಮದಡಿ ಸಣ್ಣ ಸೂಜಿಯಲ್ಲಿ ಕೊಡುವುದು, ಕಲಿತರೆ ನೀವೇ ಹಾಕಿಕೊಳ್ಳಬಹುದು. ದಿನವೂ ಒಂದೇ ಸಮಯಕ್ಕೆ ಆಗಬೇಕು.

ಹಲವು ಇಂಜೆಕ್ಷನ್‌ಗಳು ತಂಪಿನಲ್ಲಿರಬೇಕು, 2ರಿಂದ 8 ಡಿಗ್ರಿ. ಫ್ರಿಜ್‌ನ ಮಾಮೂಲಿ ಖಾನೆಯಲ್ಲಿಡಿ, ಫ್ರೀಜರ್‌ನಲ್ಲಿ ಇಡಲೇಬೇಡಿ, ಗಟ್ಟಿಯಾದರೆ ಔಷಧಿ ಹಾಳು. ಮೈಸೂರಿನಿಂದ ಊರಿಗೆ ತರುವಾಗ ಐಸ್ ಪ್ಯಾಕ್ ಇರುವ ಡಬ್ಬಿ ಕೊಡಿ ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ.

ಎರಡು ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಸ್ಕ್ಯಾನಿಂಗ್ ಇರುತ್ತದೆ. ಮಂಡ್ಯದಿಂದ ಮೈಸೂರಿಗೆ ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ ಬರಬಹುದು, ಕೆ.ಆರ್. ಪೇಟೆ, ನಾಗಮಂಗಲ ಕಡೆಯವರಿಗೆ ಈ ಎರಡು ವಾರ ನೆಂಟರ ಮನೆಯಲ್ಲಿ ಉಳಿಯುವುದೇ ಸುಲಭ. ದಸರಾ ಸಮಯಕ್ಕೆ ಬೀಳುವ ಹಾಗೆ ಇಟ್ಟುಕೊಳ್ಳಬೇಡಿ, ಜಂಬೂಸವಾರಿ ದಿನ ಮೈಸೂರಿನ ಅರ್ಧ ರಸ್ತೆ ಬಂದ್ ಇರುತ್ತದೆ.

ಕೋಶಗಳು ಬೆಳೆದ ಮೇಲೆ ಕೊನೆಯಲ್ಲಿ ಟ್ರಿಗರ್ ಇಂಜೆಕ್ಷನ್, ಅಂಡಾಣು ಪಕ್ವವಾಗಲು. ಇದಾದ 34ರಿಂದ 36 ಗಂಟೆಗೆ ಸರಿಯಾಗಿ ಪಿಕಪ್ ಮಾಡಬೇಕು. ರಾತ್ರಿ ಹತ್ತಕ್ಕೆ ಅಂದರೆ ಹತ್ತಕ್ಕೇ. ಇಡೀ ಚಿಕಿತ್ಸೆಯಲ್ಲಿ ಸಮಯ ತಪ್ಪಲೇಬಾರದ ಇಂಜೆಕ್ಷನ್ ಇದೊಂದು. ತಪ್ಪಿದರೆ, ತಡವಾದರೆ ಮುಚ್ಚಿಡದೆ ಆ ಕ್ಷಣವೇ ಫೋನ್ ಮಾಡಿ ತಿಳಿಸಿ, ಪಿಕಪ್ ಸಮಯ ಬದಲಿಸಬಹುದು.

5. ಎಗ್ ಪಿಕಪ್

ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ಬೆಳಗಿನ ಕಾಫಿಯೂ ಬೇಡ. ಸ್ವಲ್ಪ ಹೊತ್ತಿನ ಅರಿವಳಿಕೆ ಕೊಟ್ಟು, ಸ್ಕ್ಯಾನಿಂಗ್ ನೋಡಿಕೊಂಡು, ಯೋನಿಯ ಮೂಲಕ ಸೂಜಿ ಹಾಕಿ ಅಂಡಾಣು ತೆಗೆಯುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ. ಅರ್ಧ ಗಂಟೆಯೊಳಗಿನ ಕೆಲಸ, ಸಂಜೆಗೆ ಮನೆಗೆ ಬರಬಹುದು. ಗಂಡನೂ ಅವತ್ತೇ ಸ್ಯಾಂಪಲ್ ಕೊಡಬೇಕು. ಟೆನ್ಷನ್‌ನಲ್ಲಿ ಕೊಡಲು ಆಗದೇ ಹೋಗುವುದು ಅಪರೂಪವೇನಲ್ಲ, ಆ ಭಯ ಇದ್ದರೆ ಮೊದಲೇ ಒಂದು ಸ್ಯಾಂಪಲ್ ಫ್ರೀಜ್ ಮಾಡಿಸಿಡಿ.

ಹೊಟ್ಟೆ ಸ್ವಲ್ಪ ಉಬ್ಬುವುದು, ಮುಟ್ಟಿನ ಥರ ನೋವು ಮಾಮೂಲಿ. ಆದರೆ ಹೊಟ್ಟೆ ಬಿಗಿದುಕೊಂಡು ದಿನದಿನಕ್ಕೆ ದಪ್ಪವಾದರೆ, ತೂಕ ಒಮ್ಮೆಲೇ ಏರಿದರೆ, ವಾಂತಿ ನಿಲ್ಲದಿದ್ದರೆ, ಉಚ್ಚೆ ಕಡಿಮೆಯಾದರೆ, ಉಸಿರು ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಹೊರಡಿ. ಇದನ್ನು ಒಎಚ್‌ಎಸ್‌ಎಸ್ ಅನ್ನುತ್ತಾರೆ, ಇಂಜೆಕ್ಷನ್‌ಗೆ ಅಂಡಾಶಯ ಅತಿಯಾಗಿ ಸ್ಪಂದಿಸಿ ಊದಿಕೊಳ್ಳುವುದು. ಪಿಸಿಒಎಸ್ ಇರುವವರಲ್ಲಿ ಇದು ಜಾಸ್ತಿ. ಕ್ಲಿನಿಕ್‌ನ ರಾತ್ರಿ ನಂಬರ್ ಗಂಡನ ಫೋನಿನಲ್ಲೂ ಇರಲಿ.

6. ಲ್ಯಾಬಿನೊಳಗೆ

ಇಲ್ಲಿ ನಿಮ್ಮ ಕೆಲಸ ಏನೂ ಇಲ್ಲ, ಮನಸ್ಸಿಗೆ ಕಷ್ಟ ಆಗುವುದು ಮಾತ್ರ ಇಲ್ಲೇ. ಅಂಡಾಣುವಿನ ಸುತ್ತ ವೀರ್ಯಾಣುಗಳನ್ನು ಬಿಟ್ಟು ತಾವಾಗಿ ಸೇರಲು ಬಿಡುವುದು ಒಂದು ವಿಧಾನ. ಒಂದೇ ವೀರ್ಯಾಣುವನ್ನು ಸೂಜಿಯಲ್ಲಿ ಅಂಡಾಣುವಿನೊಳಗೆ ಸೇರಿಸುವುದು ಇಕ್ಸಿ. ಕೌಂಟ್ ತೀರಾ ಕಡಿಮೆ ಇದ್ದವರಿಗೆ ಇಕ್ಸಿ ವರವೇ ಸರಿ. ವೀರ್ಯದಲ್ಲಿ ಸೊನ್ನೆ ಬಂದರೂ ಕೆಲವರಿಗೆ ವೃಷಣದಿಂದಲೇ ವೀರ್ಯಾಣು ತೆಗೆದು ಮಾಡುತ್ತಾರೆ.

ಬಿತ್ತಿದ ರಾಗಿಯೆಲ್ಲ ತೆನೆ ಕಟ್ಟುವುದಿಲ್ಲವಲ್ಲ, ಇಲ್ಲೂ ಪ್ರತಿ ದಿನ ಸಂಖ್ಯೆ ಇಳಿಯುತ್ತದೆ. ಉದಾಹರಣೆಗೆ 12 ಅಂಡಾಣು ಸಿಕ್ಕಿದರೆ ಒಂಬತ್ತೋ ಹತ್ತೋ ಪಕ್ವವಾಗಿರುತ್ತವೆ, ಅದರಲ್ಲಿ ಆರೇಳು ಫಲಿಸುತ್ತವೆ, ಐದನೇ ದಿನಕ್ಕೆ ಉಳಿಯುವುದು ಎರಡೋ ಮೂರೋ. ಐದನೇ ದಿನದ ಭ್ರೂಣಕ್ಕೆ ಬ್ಲಾಸ್ಟೊಸಿಸ್ಟ್ ಅಂತ ಹೆಸರು. "ಹನ್ನೆರಡು ಅಂದರು, ಈಗ ಎರಡೇ ಅಂತಾರೆ, ಉಳಿದದ್ದು ಏನು ಮಾಡಿದರು?" ಅಂತ ಬಹಳ ಜನ ಅನುಮಾನ ಪಡುತ್ತಾರೆ. ಈ ಇಳಿಕೆ ಸಹಜ. ಹಾಗಿದ್ದರೂ ಪ್ರತಿ ದಿನದ ಲೆಕ್ಕ ಬರವಣಿಗೆಯಲ್ಲಿ ಕೇಳಿ ಪಡೆಯಿರಿ, ಮುಂದೆ ಬೇರೆ ಡಾಕ್ಟರಿಗೆ ತೋರಿಸುವಾಗ ಬೇಕಾಗುವುದು ಆ ಕಾಗದವೇ.

7. ಟ್ರಾನ್ಸ್‌ಫರ್

ಭ್ರೂಣವನ್ನು ತೆಳ್ಳನೆಯ ನಳಿಕೆಯಲ್ಲಿ ಗರ್ಭಕೋಶಕ್ಕೆ ಬಿಡುವುದು. ಸಾಮಾನ್ಯವಾಗಿ ಅರಿವಳಿಕೆ ಬೇಕಿಲ್ಲ, ಸ್ಕ್ಯಾನಿಂಗ್‌ನಲ್ಲಿ ಚೆನ್ನಾಗಿ ಕಾಣಲಿ ಅಂತ ನೀರು ಕುಡಿದು ಬರಲು ಹೇಳುತ್ತಾರೆ. ಅದೇ ತಿಂಗಳು ಮಾಡಬಹುದು, ಇಲ್ಲವೇ ಫ್ರೀಜ್ ಮಾಡಿ ಮುಂದಿನ ತಿಂಗಳುಗಳಲ್ಲಿ ಮಾಡಬಹುದು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಟ್ಟ ಭ್ರೂಣ ಕಾಯಲು ಬಿಟ್ಟ ಮಾತ್ರಕ್ಕೆ ಹಳಸುವುದಿಲ್ಲ.

ಎಷ್ಟು ಭ್ರೂಣ ಬಿಡಬೇಕು ಅನ್ನುವಾಗ ಆಸೆ ಅಡ್ಡ ಬರುತ್ತದೆ. "ಒಂದೇ ಖರ್ಚಿನಲ್ಲಿ ಅವಳಿ ಆಗಿಬಿಡಲಿ" ಅನ್ನುತ್ತಾರೆ. ಅವಳಿ ಗರ್ಭದಲ್ಲಿ ಅವಧಿಗೆ ಮೊದಲೇ ಹೆರಿಗೆ, ತೂಕ ಕಡಿಮೆ, ತಾಯಿಗೆ ಬಿಪಿ ಎಲ್ಲ ಜಾಸ್ತಿ, ಆಮೇಲೆ ಮಕ್ಕಳ ಐಸಿಯು ಬಿಲ್ ಬೇರೆ. ಒಳ್ಳೆಯ ಬ್ಲಾಸ್ಟೊಸಿಸ್ಟ್ ಇದ್ದರೆ ಒಂದು ಸಾಕಾ ಅಂತ ಡಾಕ್ಟರನ್ನು ನೀವೇ ಕೇಳಿ.

ಗರ್ಭಕೋಶ ಗೀರುವುದು, ಭ್ರೂಣ ಅಂಟಲು ಗ್ಲೂ, ಅದು ಇದು ಅಂತ ಹೆಚ್ಚುವರಿ ಪಟ್ಟಿ ಮುಂದಿಟ್ಟರೆ, ಅದು ನನ್ನ ರಿಪೋರ್ಟಿನ ಯಾವ ತೊಂದರೆಗೆ ಅಂತ ಕೇಳಿ. ಎಲ್ಲರಿಗೂ ಬೇಕಾದವು ಅಲ್ಲ ಅವು.

8. ಕಾಯುವ ಎರಡು ವಾರ

ಮಲಗಿಯೇ ಇರಬೇಕಾಗಿಲ್ಲ. ಎದ್ದು ಓಡಾಡಿದರೆ ಭ್ರೂಣ ಜಾರಿ ಬೀಳುವುದಿಲ್ಲ, ಮೆಟ್ಟಿಲು ಹತ್ತಿದರೂ ಬೀಳುವುದಿಲ್ಲ. ಭಾರದ ಕೆಲಸ ಬಿಟ್ಟು ಮಾಮೂಲಿಯಾಗಿರಿ. ಪ್ರೊಜೆಸ್ಟರಾನ್ ಮಾತ್ರೆ ಅಥವಾ ಇಂಜೆಕ್ಷನ್ ಮಾತ್ರ ಒಂದು ಹೊತ್ತೂ ತಪ್ಪಿಸಬೇಡಿ. ಇದು ಗರ್ಭಕೋಶದ ಒಳಪದರವನ್ನು ಕಾಪಾಡುವ ಹಾರ್ಮೋನ್. ಸ್ವಲ್ಪ ರಕ್ತ ಕಂಡ ತಕ್ಷಣ "ಆಗಲಿಲ್ಲ" ಅಂತ ಔಷಧಿ ನಿಲ್ಲಿಸಿಬಿಡುವುದು ನಮ್ಮವರು ಮಾಡುವ ದೊಡ್ಡ ತಪ್ಪು. ರಕ್ತ ಕಂಡೂ ಗರ್ಭ ನಿಂತವರಿದ್ದಾರೆ. ರಕ್ತ ಪರೀಕ್ಷೆ ಆಗಿ ಡಾಕ್ಟರು ಹೇಳುವವರೆಗೂ ಮುಂದುವರಿಸಿ.

ಮನೆಯಲ್ಲಿ ಕಿಟ್ ತಂದು ಬೇಗ ನೋಡಬೇಡಿ. ಕೆಲವು ಟ್ರಿಗರ್ ಇಂಜೆಕ್ಷನ್‌ಗಳಲ್ಲಿ ಇರುವುದು ಗರ್ಭದ ಹಾರ್ಮೋನೇ, ಅದು ಮೈಯಲ್ಲಿ ಉಳಿದಿದ್ದರೆ ಸುಳ್ಳು ಪಾಸಿಟಿವ್ ತೋರಿಸುತ್ತದೆ. ಡಾಕ್ಟರು ಹೇಳಿದ ದಿನ, ಸುಮಾರು ಎರಡು ವಾರಕ್ಕೆ, ಬೀಟಾ ಎಚ್‌ಸಿಜಿ ರಕ್ತ ಪರೀಕ್ಷೆ ಮಾಡಿಸಿ. ಪಾಸಿಟಿವ್ ಬಂದರೆ 48 ಗಂಟೆ ಬಿಟ್ಟು ಮತ್ತೆ ನೋಡಿ ಏರುತ್ತಿದೆಯೇ ತಿಳಿಯುತ್ತಾರೆ. ಮಗುವಿನ ಹೃದಯ ಬಡಿತ ಸ್ಕ್ಯಾನಿಂಗ್‌ನಲ್ಲಿ ಕಾಣುವುದು ಆರೇಳನೇ ವಾರಕ್ಕೆ. ಅಲ್ಲಿಯವರೆಗೆ ಊರಿಗೆಲ್ಲ ಹೇಳುವ ಆತುರ ಬೇಡ. ಐವಿಎಫ್‌ನಲ್ಲೂ ಕೆಲವೊಮ್ಮೆ ಗರ್ಭ ಟ್ಯೂಬಿನಲ್ಲಿ ನಿಲ್ಲಬಹುದು. ಹೊಟ್ಟೆಯ ಒಂದು ಪಕ್ಕ ಜೋರು ನೋವು, ತಲೆ ಸುತ್ತು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ.

9. ನೆಗೆಟಿವ್ ಬಂದರೆ

ನೀವು ಏನೋ ತಿಂದಿದ್ದಕ್ಕೆ, ಎಲ್ಲೋ ಹೋಗಿದ್ದಕ್ಕೆ ಆಗಲಿಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ. ಬಹಳ ಸಲ ಭ್ರೂಣದ ವರ್ಣತಂತುಗಳಲ್ಲೇ ದೋಷ ಇರುತ್ತದೆ, ಅದನ್ನು ತಡೆಯುವುದು ನಿಮ್ಮ ಕೈಯಲ್ಲಿಲ್ಲ. ಈ ಹೊತ್ತಿನಲ್ಲಿ ಹೆಂಡತಿಯನ್ನು ಅತ್ತೆ, ನಾದಿನಿ, ಅಕ್ಕಪಕ್ಕದವರ ಮಾತಿಗೆ ಒಡ್ಡದೆ ಕಾಯುವುದು ಗಂಡನ ಕೆಲಸ.

ಸ್ವಲ್ಪ ದಿನ ಬಿಟ್ಟು ಡಾಕ್ಟರನ್ನು ಕಾಣಿ. ಅಂಡಾಣು ಕಡಿಮೆ ಸಿಕ್ಕಿತೇ, ಫಲಿಸಲಿಲ್ಲವೇ, ಭ್ರೂಣ ಚೆನ್ನಾಗಿದ್ದೂ ಅಂಟಲಿಲ್ಲವೇ, ಎಲ್ಲಿ ಎಡವಿತು ಅನ್ನುವುದರ ಮೇಲೆ ಮುಂದಿನ ಸಲ ಏನು ಬದಲಿಸಬೇಕು ಅನ್ನುವುದು ನಿಂತಿದೆ. ಏನನ್ನೂ ಬದಲಿಸದೆ ಅದೇ ಪ್ಯಾಕೇಜ್ ಮತ್ತೆ ಮಾಡೋಣ ಅಂದರೆ ಇನ್ನೊಂದು ಅಭಿಪ್ರಾಯ ಪಡೆಯಿರಿ. ಎಚ್‌ಎಸ್‌ಜಿಯಲ್ಲಿ ಟ್ಯೂಬಿನೊಳಗೆ ನೀರು ತುಂಬಿದೆ ಅಂತ ಬಂದಿದ್ದರೆ ಅದರ ಬಗ್ಗೆ ವಿಶೇಷವಾಗಿ ಕೇಳಿ. ಆ ನೀರು ಗರ್ಭ ನಿಲ್ಲುವುದನ್ನು ಕೆಡಿಸುತ್ತದೆ, ಮುಂದಿನ ಟ್ರಾನ್ಸ್‌ಫರ್‌ಗೆ ಮೊದಲು ಆ ಟ್ಯೂಬ್ ತೆಗೆಸುವುದೋ ಕಟ್ಟಿಸುವುದೋ ಬೇಕಾಗಬಹುದು.

ಭ್ರೂಣ ಇನ್ನೂ ಉಳಿದಿದ್ದರೆ ಮತ್ತೆ ಇಂಜೆಕ್ಷನ್, ಪಿಕಪ್ ಬೇಕಿಲ್ಲ, ನೇರ ಟ್ರಾನ್ಸ್‌ಫರ್‌ಗೆ ಹೋಗಬಹುದು. ಕಾಯಿದೆ ಪ್ರಕಾರ ಹತ್ತು ವರ್ಷದವರೆಗೆ ಇಡಬಹುದು. ವರ್ಷ ವರ್ಷದ ಬಾಡಿಗೆ ಕಟ್ಟಿದ ರಸೀದಿ ಇಟ್ಟುಕೊಳ್ಳಿ, ಫೋನ್ ನಂಬರ್ ಬದಲಾದರೆ, ಮನೆ ಬದಲಿಸಿದರೆ ಕ್ಲಿನಿಕ್‌ಗೆ ಬರೆದು ತಿಳಿಸಿ.